ಗ್ಯಾಂಗಿನ ಹುಡುಗರು ಯಾರ ಮಕ್ಕಳು?

ಒಂದು ಇಗರ್ಜಿಯ ವ್ಯಾಪ್ತಿಯಲ್ಲಿ ಎಂಟು ಗ್ಯಾಂಗುಗಳು. ಒಂದಕ್ಕೊಂದು ಬದ್ಧ ವೈರಿಗಳು. ಹದಿನಾರು, ಹದಿನೇಳರ ಹುಡುಗರ ಕೈಯಲ್ಲಿ ಬಂದೂಕು. ಸತ್ತವನ ತಾಯಿಯೂ ಕೊಂದವನ ತಾಯಿಯೂ ಒಂದೇ ವಠಾರದವರು. ಇಂಥ ಕಡೆ ಧರ್ಮಸಭೆಯ ಕೆಲಸವೇನು? ಗೇಟು ಹಾಕಿ ಒಳಗಿರುವ ಭಕ್ತರನ್ನು ಕಾಪಾಡಿಕೊಳ್ಳುವುದೇ, ಅಥವಾ ಗೇಟು ತೆಗೆದು ಹೊರಗೆ ಹೋಗುವುದೇ?

ಅಮೆರಿಕದ ಲಾಸ್ ಏಂಜಲೀಸ್ ನಗರದ ಡೊಲೊರೆಸ್ ಮಿಷನ್ ಎಂಬ ಬಡ ಧರ್ಮಕೇಂದ್ರ ಈ ಪ್ರಶ್ನೆಯನ್ನು ಎದುರಿಸಿತು. ಅದು ಕಂಡುಕೊಂಡ ಉತ್ತರ ಇಂದು ‘ಹೋಮ್‌ಬಾಯ್ ಇಂಡಸ್ಟ್ರೀಸ್’ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿದೆ. ಸಂಸ್ಥೆಯ ಸ್ಥಾಪಕ, ಯೇಸು ಸಭೆಯ ಧರ್ಮಗುರು ಫಾದರ್ ಗ್ರೆಗ್ ಬಾಯ್ಲ್ ಅವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಆದರೆ ಈ ಕೆಲಸದ ಬೇರು ಇರುವುದು ಆ ಧರ್ಮಕೇಂದ್ರದ ತಾಯಂದಿರ ಪ್ರಾರ್ಥನಾ ಕೂಟಗಳಲ್ಲಿ. ಆ ಭಾಗವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ನಮ್ಮ ಕಿರು ಕ್ರೈಸ್ತ ಸಮುದಾಯಗಳಿಗೆ ಉಪಯುಕ್ತ.

ಶೋಕಮಾತೆಯ ಹೆಸರಿನ ಇಗರ್ಜಿ

ಡೊಲೊರೆಸ್ ಎಂದರೆ ಶೋಕಮಾತೆ. ನಮ್ಮ ಉಡುಪಿಯ ಶೋಕಮಾತಾ ಇಗರ್ಜಿಯ ಹೆಸರೇ ಅದಕ್ಕೂ ಇದೆ. ನಗರದ ಪೂರ್ವ ಭಾಗದ ಬಾಯ್ಲ್ ಹೈಟ್ಸ್ ಎಂಬಲ್ಲಿ ಈ ಇಗರ್ಜಿಯಿದೆ. (ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಆಂಡ್ರ್ಯೂ ಬಾಯ್ಲ್ ಎಂಬವರಿಂದ ಬಂದ ಸ್ಥಳನಾಮವದು, ಧರ್ಮಗುರುಗಳಿಗೂ ಅದಕ್ಕೂ ಸಂಬಂಧವಿಲ್ಲ.) ಮಹಾಧರ್ಮಪ್ರಾಂತ್ಯದಲ್ಲೇ ಅತ್ಯಂತ ಬಡ ಧರ್ಮಕೇಂದ್ರವೆಂದು ಅದು ಹೆಸರಾಗಿತ್ತು. ಪಿಕೊ ಗಾರ್ಡನ್ಸ್ ಮತ್ತು ಅಲಿಸೊ ವಿಲೇಜ್ ಎಂಬ ಎರಡು ಸರಕಾರಿ ವಸತಿ ಸಮುಚ್ಚಯಗಳು ಅದರ ವ್ಯಾಪ್ತಿಯಲ್ಲಿದ್ದವು. ಅಲ್ಲಿ ಹೆಚ್ಚಿನವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ, ಸ್ಪ್ಯಾನಿಷ್ ಮಾತನಾಡುವ ಕಥೋಲಿಕರು. ಮನೆಗೆಲಸ, ಹೊಲಿಗೆ ಕಾರ್ಖಾನೆ, ದಿನಗೂಲಿ ಅವರ ಜೀವನೋಪಾಯ.

ಫಾದರ್ ಬಾಯ್ಲ್ 1954ರಲ್ಲಿ ಲಾಸ್ ಏಂಜಲೀಸಿನಲ್ಲೇ ಹುಟ್ಟಿದವರು. 1984ರಲ್ಲಿ ಗುರುದೀಕ್ಷೆ ಪಡೆದ ಮೇಲೆ ದಕ್ಷಿಣ ಅಮೆರಿಕದ ಬೊಲಿವಿಯದಲ್ಲಿ ಬಡವರ ನಡುವೆ ಕೆಲಕಾಲ ಸೇವೆ ಮಾಡಿ, 1986ರಲ್ಲಿ ಡೊಲೊರೆಸ್ ಮಿಷನ್ನಿಗೆ ಬಂದರು. 1988ರಲ್ಲಿ ಗ್ಯಾಂಗ್ ಹಿಂಸೆಗೆ ಬಲಿಯಾದ ಯುವಕನೊಬ್ಬನ ಅಂತ್ಯಸಂಸ್ಕಾರವನ್ನು ಮೊದಲ ಬಾರಿಗೆ ನಡೆಸಿಕೊಟ್ಟರು. ಆಮೇಲಿನ ದಶಕಗಳಲ್ಲಿ ಅವರು ನೆರವೇರಿಸಿದ ಇಂಥ ಅಂತ್ಯಸಂಸ್ಕಾರಗಳು 200ಕ್ಕೂ ಹೆಚ್ಚು.

ಅಂದು ಸರಕಾರದ ಬಳಿ ಇದ್ದ ಮದ್ದು ಒಂದೇ: ಬಂಧನ. 1988ರ ಏಪ್ರಿಲ್ ತಿಂಗಳ ಒಂದೇ ವಾರಾಂತ್ಯದಲ್ಲಿ ನಗರದ ದಕ್ಷಿಣ ಭಾಗದಲ್ಲಿ ಪೊಲೀಸರು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು. ಆದರೂ ಕೊಲೆಗಳು ನಿಲ್ಲಲಿಲ್ಲ. 1992ರಲ್ಲಿ ಲಾಸ್ ಏಂಜಲೀಸ್ ನಗರವೊಂದರಲ್ಲೇ ಸಾವಿರಕ್ಕೂ ಹೆಚ್ಚು ಕೊಲೆಗಳಾದವು.

ನೀರಿನ ಮೇಲೆ ನಡೆದವರು

1968ರ ಮೆದೆಲ್ಲಿನ್ ಸಮ್ಮೇಳನದಲ್ಲಿ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು ಕಿರು ಕ್ರೈಸ್ತ ಸಮುದಾಯಗಳಿಗೆ ಒತ್ತು ಕೊಟ್ಟರು. ನೆರೆಹೊರೆಯ ಕೆಲವು ಕುಟುಂಬಗಳು ಒಂದು ಮನೆಯಲ್ಲಿ ಸೇರಿ ಶುಭಸಂದೇಶವನ್ನು ಓದುವುದು, ಅದರ ಬೆಳಕಿನಲ್ಲಿ ತಮ್ಮ ಬದುಕನ್ನು ನೋಡುವುದು, ಆಮೇಲೆ ಏನು ಮಾಡಬೇಕೆಂದು ನಿರ್ಧರಿಸುವುದು, ಇದು ಅವುಗಳ ಕ್ರಮ. ನಮ್ಮ ವಾರ್ಡುಗಳಲ್ಲಿ ನಡೆಯುವ ಕೂಟಗಳೂ ಇದೇ ಬಳಗದವು. ಡೊಲೊರೆಸ್ ಮಿಷನ್ನಿನಲ್ಲೂ ಇಂಥ ಕೂಟಗಳಿದ್ದವು. ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು.

ಗುಂಡಿನ ಕಾಳಗ ಜೋರಾಗಿದ್ದ ದಿನಗಳಲ್ಲಿ ಒಂದು ಕೂಟದ ತಾಯಂದಿರು ಯೇಸುಸ್ವಾಮಿ ನೀರಿನ ಮೇಲೆ ನಡೆದ ಪ್ರಸಂಗವನ್ನು ಧ್ಯಾನಿಸಿದರು. ಬಿರುಗಾಳಿ ಯಾವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೋಣಿ ಯಾವುದೆಂಬುದೂ ಹೊಳೆಯಿತು: ಬಾಗಿಲು ಹಾಕಿಕೊಂಡು ಕುಳಿತಿದ್ದ ತಮ್ಮ ಮನೆಗಳೇ ಆ ದೋಣಿ. ಪೇತ್ರನನ್ನು ಹೊರಗೆ ಕರೆದ ಯೇಸು ತಮ್ಮನ್ನೂ ಕರೆಯುತ್ತಿದ್ದಾರೆ ಎಂಬ ಅರಿವಾಯಿತು.

ತಾಯಂದಿರು ರಾತ್ರಿ ಹೊತ್ತು ಗುಂಪಾಗಿ ಬೀದಿಗಿಳಿದರು. ಒಂದು ಗ್ಯಾಂಗಿನ ಸ್ಥಳದಿಂದ ಇನ್ನೊಂದರ ಸ್ಥಳಕ್ಕೆ ತೀರ್ಥಯಾತ್ರೆಯಂತೆ ನಡೆದರು. ತಿಂಡಿ ಒಯ್ದರು, ಗಿಟಾರ್ ಒಯ್ದರು, ಹುಡುಗರ ಜೊತೆ ನಿಂತು ಹಾಡಿದರು, ಪ್ರಾರ್ಥಿಸಿದರು. ಬಂದೂಕು ಹಿಡಿದವನಿಗೆ ಎದುರು ಗ್ಯಾಂಗಿನವನ ಮೇಲೆ ಗುಂಡು ಹಾರಿಸುವುದು ಗೊತ್ತು. ತಿಂಡಿ ಹಿಡಿದು ನಿಂತಿರುವ ಪಕ್ಕದ ಮನೆಯ ಅಮ್ಮನ ಮುಂದೆ ಏನು ಮಾಡಬೇಕೆಂದು ಗೊತ್ತಿಲ್ಲ. ಇದೇ ತಾಯಂದಿರು ಶಾಂತಿಗಾಗಿ ಒಂದು ಸಮಿತಿಯನ್ನೂ ಕಟ್ಟಿದರು. ಪೊಲೀಸರು ಹುಡುಗರನ್ನು ಹೊಡೆದಾಗ ಅದನ್ನು ಪ್ರಶ್ನಿಸಿದವರೂ ಅವರೇ. ಗ್ಯಾಂಗಿನಿಂದಲೂ ಪೊಲೀಸರ ಲಾಠಿಯಿಂದಲೂ ಮಕ್ಕಳನ್ನು ಉಳಿಸಿಕೊಳ್ಳಬೇಕು ಎಂಬುದು ಅವರ ನಿಲುವಾಗಿತ್ತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಹೆಂಗಸರು ಬೇರೆಯವರ ಉದ್ಧಾರಕ್ಕೆಂದು ಹೊರಟ ಸೇವಾಕರ್ತೆಯರಲ್ಲ. ಆ ಹುಡುಗರಲ್ಲಿ ಒಬ್ಬ ತಮ್ಮ ಮಗ, ಇನ್ನೊಬ್ಬ ತಂಗಿಯ ಮಗ, ಮತ್ತೊಬ್ಬ ತಾವು ಎತ್ತಿ ಆಡಿಸಿದವನು. ಎದುರು ಗ್ಯಾಂಗಿನ ಹುಡುಗನೂ ತಮ್ಮ ಮಗನೇ ಎಂದು ಒಪ್ಪಿಕೊಂಡದ್ದೇ ಅವರ ಪರಿವರ್ತನೆ.

ಸಭೆಯೊಳಗಿನ ವಿರೋಧ

ಶಾಲೆಗಳು ಗ್ಯಾಂಗಿನ ಹುಡುಗರನ್ನು ಹೊರಗೆ ಹಾಕುತ್ತಿದ್ದವು. ಹೊರಬಿದ್ದವರು ಹಗಲಿಡೀ ಬೀದಿಯಲ್ಲಿ ಇರುತ್ತಿದ್ದರು. ಅವರಿಗಾಗಿ ಧರ್ಮಕೇಂದ್ರವೇ ಒಂದು ಶಾಲೆ ತೆರೆಯಲು ಹೊರಟಿತು. ಜಾಗವಿರಲಿಲ್ಲ. ಪ್ರಾಥಮಿಕ ಶಾಲೆಯ ಮೇಲಂತಸ್ತಿನಲ್ಲಿ ವಾಸವಿದ್ದ ಧರ್ಮಭಗಿನಿಯರನ್ನು ಕೇಳಿದಾಗ ಅವರು ತಮ್ಮ ನಿವಾಸವನ್ನೇ ಬಿಟ್ಟುಕೊಟ್ಟರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ನಮ್ಮ ಚಿಕ್ಕ ಮಕ್ಕಳು ಕಲಿಯುವ ಕಟ್ಟಡಕ್ಕೆ ಇವರನ್ನು ತರುವುದೇ ಎಂದು ಕೇಳಿದವರಿದ್ದರು. ಆ ಆತಂಕ ಸುಳ್ಳಲ್ಲ. ಯಾವ ತಂದೆ-ತಾಯಿಯಾದರೂ ಕೇಳುವ ಪ್ರಶ್ನೆಯೇ ಅದು. ಧರ್ಮಕೇಂದ್ರದ ಸಭೆಯಲ್ಲಿ ಇಬ್ಬರು ಹಿರಿಯ ಹೆಂಗಸರು ಎದ್ದುನಿಂತು, ಯೇಸುಸ್ವಾಮಿ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು ಎಂಬ ಅರ್ಥದ ಮಾತುಗಳನ್ನಾಡಿದ ಮೇಲೆ ಚರ್ಚೆ ಮುಗಿಯಿತೆಂದು ಫಾದರ್ ಬಾಯ್ಲ್ ನೆನೆದಿದ್ದಾರೆ. ಧರ್ಮಗುರುಗಳ ಪ್ರವಚನದಿಂದ ಆಗದ ಕೆಲಸ ಭಕ್ತರ ಮಾತಿನಿಂದ ಆಯಿತು.

ಓದು ಮಾತ್ರ ಸಾಲದಾಯಿತು. ಹುಡುಗರು ಕೇಳಿದ್ದು ಕೆಲಸ. ಧರ್ಮಕೇಂದ್ರದ ಹೆಂಗಸರು ಸುತ್ತಲಿನ ಕಾರ್ಖಾನೆಗಳಿಗೆ ಹೋಗಿ, ಇವರಿಗೆ ಕೆಲಸ ಕೊಡಿ ಎಂದು ಕೇಳಿಕೊಂಡರು. ಬಾಗಿಲುಗಳು ತೆರೆಯಲಿಲ್ಲ. ಹಾಗಾಗಿ 1988ರಲ್ಲಿ ಧರ್ಮಕೇಂದ್ರವೇ ಒಂದು ಉದ್ಯೋಗ ಯೋಜನೆ ಆರಂಭಿಸಿತು. ಮಕ್ಕಳ ಪಾಲನಾ ಕೇಂದ್ರ ಕಟ್ಟುವುದು, ಗೋಡೆಬರಹ ಅಳಿಸುವುದು, ಕೈತೋಟದ ಕೆಲಸ, ಇವಕ್ಕೆ ವೈರಿ ಗ್ಯಾಂಗುಗಳ ಹುಡುಗರನ್ನು ಒಟ್ಟಿಗೆ ಹಚ್ಚಿ ಕೂಲಿ ಕೊಡಲಾಯಿತು. ಕೂಲಿಗೆ ದುಡ್ಡು ಹೊಂದಿಸುವುದೇ ಗುರುಗಳಿಗೆ ದೊಡ್ಡ ತಲೆನೋವಾಗಿತ್ತು.

ಒಂದೇ ಹಿಟ್ಟು ನಾದಿದ ವೈರಿಗಳು

1992ರ ಏಪ್ರಿಲ್ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ ಭಾರೀ ಗಲಭೆ ನಡೆಯಿತು. ಡೊಲೊರೆಸ್ ಮಿಷನ್ನಿನ ವಸತಿಗಳು ಹೊತ್ತಿ ಉರಿಯಲಿಲ್ಲ. ಅರವತ್ತರಷ್ಟು ವೈರಿಗಳು ಅಲ್ಲಿ ಒಟ್ಟಿಗೆ ಕೆಲಸಕ್ಕಿದ್ದರು ಎಂಬುದೇ ಕಾರಣವಿರಬೇಕೆಂದು ಫಾದರ್ ಬಾಯ್ಲ್ ಪತ್ರಿಕೆಗೆ ಹೇಳಿದರು. ಇದನ್ನು ಓದಿದ ಚಲನಚಿತ್ರ ನಿರ್ಮಾಪಕ ರೇ ಸ್ಟಾರ್ಕ್ ನೆರವಿಗೆ ಬಂದರು. ಇಗರ್ಜಿಯ ಎದುರಿಗಿದ್ದ ಹಳೆಯ ಬೇಕರಿಯನ್ನು ಕೊಳ್ಳಲಾಯಿತು. ‘ಹೋಮ್‌ಬಾಯ್ ಬೇಕರಿ’ ಹುಟ್ಟಿದ್ದು ಹೀಗೆ. ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದ ಹುಡುಗರು ಅಕ್ಕಪಕ್ಕ ನಿಂತು ಒಂದೇ ಹಿಟ್ಟು ನಾದಿದರು.

2001ರಲ್ಲಿ ಸಂಸ್ಥೆ ಧರ್ಮಕೇಂದ್ರದಿಂದ ಬೇರೆಯಾಗಿ ಸ್ವತಂತ್ರವಾಗಿ ನೋಂದಣಿಯಾಯಿತು. 2007ರಲ್ಲಿ ನಗರದ ಚೈನಾಟೌನ್ ಬಳಿ ಸ್ವಂತ ಕಟ್ಟಡ ಸಿಕ್ಕಿತು. ಇಲ್ಲಿಗೆ ಬರುವವರಿಗೆ ಸುಮಾರು 18 ತಿಂಗಳ ತರಬೇತಿ, ಸಂಬಳ ಸಹಿತ. ಆಪ್ತಸಮಾಲೋಚನೆ, ಮಾದಕ ವ್ಯಸನದಿಂದ ಬಿಡುಗಡೆ, ಕಾನೂನು ನೆರವು, ಕೋಪ ನಿಯಂತ್ರಣ, ಮಕ್ಕಳನ್ನು ಬೆಳೆಸುವ ಬಗ್ಗೆ ತರಗತಿಗಳು, ಎಲ್ಲವೂ ಒಂದೇ ಸೂರಿನಡಿ. ಮುಖ, ಕುತ್ತಿಗೆಗಳ ಮೇಲಿನ ಗ್ಯಾಂಗಿನ ಹಚ್ಚೆಯನ್ನು ವೈದ್ಯರು ಉಚಿತವಾಗಿ ತೆಗೆಯುತ್ತಾರೆ. ಹಣೆಯ ಮೇಲೆ ಗ್ಯಾಂಗಿನ ಹೆಸರಿದ್ದರೆ ಯಾರು ಕೆಲಸ ಕೊಟ್ಟಾರು? ಬರುವವರ ಧರ್ಮ, ಜಾತಿ ಯಾವುದೆಂದು ಕೇಳುವುದಿಲ್ಲ. ಯಾರನ್ನೂ ಮತಾಂತರಿಸುವ ಉದ್ದೇಶವೂ ಇಲ್ಲ.

ಅನುಭವ ಕಲಿಸಿದ ಎರಡು ಪಾಠ

ಮೊದಲನೆಯದು ರಾಜಿ ಮಾತುಕತೆಯ ಬಗ್ಗೆ. ಆರಂಭದ ವರ್ಷಗಳಲ್ಲಿ ಫಾದರ್ ಬಾಯ್ಲ್ ರಾತ್ರಿ ಸೈಕಲ್ಲಿನಲ್ಲಿ ಸುತ್ತಿ, ಗ್ಯಾಂಗುಗಳ ನಡುವೆ ಕದನವಿರಾಮ ಮಾಡಿಸುತ್ತಿದ್ದರು. ಕ್ರಮೇಣ ಅದನ್ನು ಬಿಟ್ಟರು. ಗ್ಯಾಂಗಿನ ಜೊತೆ ಮಾತುಕತೆ ನಡೆಸಿದರೆ ಗ್ಯಾಂಗಿಗೇ ಮಾನ್ಯತೆ ಸಿಗುತ್ತದೆ, ಅದು ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದು ಅವರ ಅನುಭವ. ಅಂದಿನಿಂದ ಅವರು ಕೆಲಸ ಮಾಡುವುದು ಗ್ಯಾಂಗಿನೊಡನೆ ಅಲ್ಲ, ಗ್ಯಾಂಗಿನಲ್ಲಿರುವ ಒಬ್ಬೊಬ್ಬ ವ್ಯಕ್ತಿಯೊಡನೆ.

ಎರಡನೆಯದು ಕೆಲಸದ ಬಗ್ಗೆ. ಗುಂಡನ್ನು ತಡೆಯುವ ಶಕ್ತಿ ಇರುವುದು ಉದ್ಯೋಗಕ್ಕೆ ಎಂಬುದು ಸಂಸ್ಥೆಯ ಹಳೆಯ ಘೋಷಣೆ. ಆದರೆ ಕೆಲಸ ಸಿಕ್ಕಿದವರೂ ಸಂಕಟ ಬಂದಾಗ ಗ್ಯಾಂಗಿಗೆ ಮರಳುತ್ತಿದ್ದರು. ಕಾರಣ ಹುಡುಕಿದಾಗ ಕಂಡದ್ದು ಬಾಲ್ಯದ ಗಾಯಗಳು: ಹೊಡೆತ, ಜೈಲು ಸೇರಿದ ತಂದೆ, ವ್ಯಸನಕ್ಕೆ ಬಿದ್ದ ತಾಯಿ. ಭರವಸೆ ಇರುವ ಮಗು ಗ್ಯಾಂಗು ಸೇರುವುದಿಲ್ಲ, ಸೇರುವವನು ಯಾವುದರಿಂದಲೋ ತಪ್ಪಿಸಿಕೊಂಡು ಓಡುತ್ತಿರುತ್ತಾನೆ ಎನ್ನುತ್ತಾರೆ ಫಾದರ್ ಬಾಯ್ಲ್. ಈಗ ಅಲ್ಲಿ ಮೊದಲ ಸ್ಥಾನ ಮನಸ್ಸಿನ ಗಾಯ ಮಾಗಿಸುವುದಕ್ಕೆ, ಕೆಲಸ ಅದರ ಜೊತೆಗೆ.

ಶಿಲುಬೆಯ ದಾರಿ

ಇದು ಬರೀ ಯಶಸ್ಸಿನ ಕಥೆಯಲ್ಲ. ಅಪರಾಧಿಗಳಿಗೆ ಆಶ್ರಯ ಕೊಡುತ್ತಾರೆಂಬ ದೂರು, ದ್ವೇಷದ ಪತ್ರಗಳು, ಬೆದರಿಕೆಗಳು ವರ್ಷಗಟ್ಟಲೆ ಬಂದವು. 1999ರಲ್ಲಿ ಬೇಕರಿ ಬೆಂಕಿಗೆ ಆಹುತಿಯಾಯಿತು. 2003ರಲ್ಲಿ ಫಾದರ್ ಬಾಯ್ಲ್ ಅವರಿಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. 2004ರಲ್ಲಿ ಗೋಡೆಬರಹ ಅಳಿಸುವ ತಂಡದ ಇಬ್ಬರು ಗುಂಡೇಟಿಗೆ ಬಲಿಯಾದರು; ಗ್ಯಾಂಗು ಬಿಟ್ಟು ದುಡಿದು ತಿನ್ನಲು ಹೊರಟವರು ದುಡಿಮೆಯ ದಾರಿಯಲ್ಲೇ ಸತ್ತರು. ಆ ವಿಭಾಗವನ್ನು ಮುಚ್ಚಬೇಕಾಯಿತು. 2010ರಲ್ಲಿ ಹಣವಿಲ್ಲದೆ ಸುಮಾರು 300 ಮಂದಿಯನ್ನು ಕೆಲಸದಿಂದ ಬಿಡಬೇಕಾಯಿತು. ಸಂಸ್ಥೆ ಮತ್ತೆ ಚೇತರಿಸಿಕೊಂಡಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರು ಫಾದರ್ ಬಾಯ್ಲ್ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ‘ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಮ್’ ನೀಡಿದರು. ಗೌರವ ಬಂತೆಂದು ಆ ಇಬ್ಬರ ಮನೆಯವರ ದುಃಖ ತೀರುವುದಿಲ್ಲ. ಡೊಲೊರೆಸ್ ಮಿಷನ್ ಇದನ್ನು ಬಲ್ಲದು.

ನಮ್ಮ ವಾರ್ಡುಗಳಿಗೆ

ಯೇಸು ಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. ಅವರಲ್ಲೊಬ್ಬರಾದ ಫಾದರ್ ಮುಲ್ಲರ್ 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಊರು ಯಾರನ್ನು ಹೊರಗಿಟ್ಟಿತ್ತೋ ಅವರಿಗೆ ಅಲ್ಲಿ ಬಾಗಿಲು ತೆರೆಯಿತು. ನೂರು ವರ್ಷಗಳ ಬಳಿಕ ಅದೇ ಸಭೆಯ ಗುರುವೊಬ್ಬರು ಲಾಸ್ ಏಂಜಲೀಸಿನಲ್ಲಿ ಮಾಡಿದ್ದು ಇದರಿಂದ ತೀರಾ ಬೇರೆಯಲ್ಲ. ಕಾಲಕಾಲಕ್ಕೆ ಕುಷ್ಠದ ಹೆಸರು ಬದಲಾಗುತ್ತದೆ, ಅಷ್ಟೇ.

ನಮ್ಮ ಊರುಗಳಲ್ಲಿ ಎಂಟು ಗ್ಯಾಂಗುಗಳ ಪರಿಸ್ಥಿತಿ ಇಲ್ಲದಿರಬಹುದು. ಆದರೆ ಗಾಂಜಾ, ಮಾತ್ರೆಗಳ ಹಿಡಿತಕ್ಕೆ ಸಿಕ್ಕ ಹುಡುಗ, ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದವನು, ಜೈಲಿನಿಂದ ಬಂದವನು ನಮ್ಮ ಯಾವುದಾದರೂ ವಾರ್ಡಿನಲ್ಲಿ ಇದ್ದಾನೆಯೇ? ಇದ್ದರೆ ಅವನ ತಾಯಿ ಕೂಟಕ್ಕೆ ಬರುವುದನ್ನು ನಿಲ್ಲಿಸಿರುತ್ತಾರೆ. ಯಾರೂ ಬರಬೇಡಿ ಎಂದಿರುವುದಿಲ್ಲ. ಮುಖ ತೋರಿಸಲಾಗದೆ ನಿಲ್ಲಿಸಿರುತ್ತಾರೆ.

ಗುರಿಕಾರರಿಗೂ, ಪಾಲನಾ ಪರಿಷತ್ತಿನ ಸದಸ್ಯರಿಗೂ, ವಿನ್ಸೆಂಟ್ ದಿ ಪಾವ್ಲ್ ಸಭೆಯ ಬಂಧುಗಳಿಗೂ ಒಂದು ವಿನಂತಿ. ಮುಂದಿನ ಕೂಟವನ್ನು ಆ ಮನೆಯಲ್ಲಿ ಇಡಬಹುದೇ ಎಂದು ಆ ತಾಯಿಯನ್ನು ಮೊದಲು ಕೇಳಿ. ಒಪ್ಪದಿದ್ದರೆ ಒತ್ತಾಯ ಬೇಡ. ಸುಮ್ಮನೆ ಹೋಗಿ ಒಂದು ಲೋಟ ಚಹಾ ಕುಡಿದು ಬನ್ನಿ. ಹುಡುಗನಿಗೆ ಬುದ್ಧಿ ಹೇಳುವುದನ್ನು ಬದಿಗಿಟ್ಟು ಅವನ ಹೆಸರು ಹಿಡಿದು ಮಾತನಾಡಿಸಿ. ಅಂಗಡಿ, ಗ್ಯಾರೇಜು, ಬೇಕರಿ ನಡೆಸುವವರು ನಿಮ್ಮ ವಾರ್ಡಿನಲ್ಲಿದ್ದರೆ ಅವನಿಗೊಂದು ಕೆಲಸ ಕೊಡಲಾದೀತೇ ಎಂದು ವಿಚಾರಿಸಿ. ವ್ಯಸನಕ್ಕೆ ವೈದ್ಯರ ಚಿಕಿತ್ಸೆಯೂ ಬೇಕು. ಅದಕ್ಕೆ ಜೊತೆಗೆ ಹೋಗಿ. ಅವನು ಒಮ್ಮೆ, ಎರಡು ಬಾರಿ ಜಾರಿ ಬೀಳಬಹುದು. ಆಗಲೂ ಆ ಮನೆಗೆ ಹೋಗುವುದನ್ನು ಬಿಡಬೇಡಿ.

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಕೇಳುವಾಗ ನಮ್ಮನ್ನು ನಾವು ತೊಂಬತ್ತೊಂಬತ್ತರಲ್ಲಿ ಎಣಿಸಿಕೊಂಡಿರುತ್ತೇವೆ. ಡೊಲೊರೆಸ್ ಮಿಷನ್ನಿನ ತಾಯಂದಿರು ಕುರುಬನ ಜೊತೆ ಹುಡುಕಲು ಹೊರಟರು.