ಆರು ಚಕ್ರದ ರೋಬೋಟ್: ಘರ್ಷಣೆ ಮತ್ತು ಟಾರ್ಕ್ ಬೋಧನೆಗೆ ಒಂದು ವಿನ್ಯಾಸ ಸಮಸ್ಯೆ

ಘರ್ಷಣೆಯ ವ್ಯಾಖ್ಯಾನವನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿ, ಅದನ್ನು ಬಳಸಿ ಒಂದು ತೀರ್ಮಾನ ಕೈಗೊಳ್ಳಲು ಹೇಳಿದರೆ ತಡವರಿಸುವುದನ್ನು ನಾವೆಲ್ಲರೂ ಬೋಧನಾಭ್ಯಾಸದಲ್ಲಿ ಕಂಡಿದ್ದೇವೆ. ತಿಳಿದದ್ದನ್ನು ಬಳಸುವ ಅಗತ್ಯವೇ ಅವರಿಗೆ ಎದುರಾಗದಿರುವುದು ಇದಕ್ಕೆ ಒಂದು ಕಾರಣ. ಅಂಥ ಅಗತ್ಯವನ್ನು ಒಡ್ಡಲು ನಾನು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸುವ ಸಮಸ್ಯೆ ಇದು: ಸ್ಪರ್ಧಾ ರೋಬೋಟಿಗೆ ಆರು ಚಕ್ರಗಳನ್ನು ಹೇಗೆ ಜೋಡಿಸಬೇಕು?

ಹಿನ್ನೆಲೆ

ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ನಡೆಯುವ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆ 1992ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅಲ್ಲಿನ ರೋಬೋಟ್‌ಗಳು 12 ವೋಲ್ಟ್ ಬ್ಯಾಟರಿಯಿಂದ ಓಡುತ್ತವೆ, ಒಂದನ್ನೊಂದು ತಳ್ಳುತ್ತವೆ. ಹಲವು ತಂಡಗಳು ಬಳಸುವ ಒಂದು ವಿನ್ಯಾಸದಲ್ಲಿ ಪ್ರತಿ ಬದಿಗೆ ಮೂರು ಚಕ್ರ. ಮೂರಕ್ಕೂ ಚೈನಿನ ಮೂಲಕ ಶಕ್ತಿ ಹರಿಯುತ್ತದೆ. ಸ್ಟಿಯರಿಂಗ್ ಇರುವುದಿಲ್ಲ, ಎಡಬದಿಯ ಚಕ್ರಗಳು ಮುಂದಕ್ಕೂ ಬಲಬದಿಯವು ಹಿಂದಕ್ಕೂ ಉರುಳಿದರೆ ರೋಬೋಟ್ ನಿಂತಲ್ಲೇ ತಿರುಗುತ್ತದೆ. ನಡುವಿನ ಜೋಡಿಯನ್ನು ಉಳಿದವುಗಳಿಗಿಂತ ಸುಮಾರು 3 ಮಿ.ಮೀ. ಕೆಳಗೆ ಕೂರಿಸುತ್ತಾರೆ. ಪಾಠದ ತಿರುಳು ಈ 3 ಮಿ.ಮೀ.ನಲ್ಲಿದೆ.

ತಿರುಗುವುದು ಏಕೆ ಕಷ್ಟ?

ತರಗತಿಯ ಉದ್ದನೆಯ ಬೆಂಚನ್ನು ಇಬ್ಬರು ಮಕ್ಕಳಿಂದ ನಿಂತಲ್ಲೇ ತಿರುಗಿಸಿ. ಕಾಲುಗಳು ಅಡ್ಡಡ್ಡ ಉಜ್ಜಿ ಕಿರುಗುಟ್ಟುತ್ತವೆ. ಚಕ್ರ ಉರುಳುವುದು ಮುಂದಕ್ಕೆ ಮತ್ತು ಹಿಂದಕ್ಕೆ ಮಾತ್ರ. ಆದ್ದರಿಂದ ರೋಬೋಟ್ ತಿರುಗುವಾಗ ತುದಿಯ ಚಕ್ರಗಳೂ ಹೀಗೆಯೇ ಅಡ್ಡ ಉಜ್ಜಬೇಕು. ಎತ್ತಿನ ಗಾಡಿಗೆ ಈ ತೊಂದರೆಯಿಲ್ಲ. ಅದರ ಎರಡೂ ಚಕ್ರಗಳು ಒಂದೇ ಅಚ್ಚಿನಲ್ಲಿವೆ, ಮುಂದೊಂದು ಹಿಂದೊಂದು ಜೋಡಿಯಿಲ್ಲ.

ಈಗ ಲೆಕ್ಕ. ತುದಿಯ ಅಚ್ಚುಗಳ ನಡುವಿನ ಅಂತರ 60 ಸೆಂ.ಮೀ., ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರ 55 ಸೆಂ.ಮೀ. ಇರಲಿ. ತೂಕ ಸಮನಾಗಿ ಹಂಚಿದೆ, ಘರ್ಷಣೆ ಎಲ್ಲ ದಿಕ್ಕಿನಲ್ಲೂ ಒಂದೇ ಎಂದು ಸರಳಗೊಳಿಸೋಣ. ಒಟ್ಟು ಗರಿಷ್ಠ ಘರ್ಷಣಾ ಬಲ F. ನಾಲ್ಕೇ ಚಕ್ರಗಳಿದ್ದರೆ ತಿರುಗಿಸುವ ಟಾರ್ಕ್ ಹೆಚ್ಚೆಂದರೆ F × 27.5; ತಡೆಯುವ ಟಾರ್ಕ್ F × 30. ರೋಬೋಟ್ ಒದ್ದಾಡುತ್ತದೆ, ಕುಪ್ಪಳಿಸುತ್ತದೆ.

ನಡುವಿನ ಜೋಡಿಯನ್ನು ಇಳಿಸಿದಾಗ ರೋಬೋಟ್ ನಡುವಿನ ಜೋಡಿ ಮತ್ತು ಒಂದು ತುದಿಯ ಜೋಡಿಯ ಮೇಲೆ ನಿಲ್ಲುತ್ತದೆ. ನೆಲ ಮುಟ್ಟುವ ಅಚ್ಚುಗಳ ಅಂತರ 30 ಸೆಂ.ಮೀ.ಗೆ ಇಳಿಯುತ್ತದೆ, ತಡೆಯುವ ಟಾರ್ಕ್ F × 15 ಆಗುತ್ತದೆ. ತಿರುಗುವುದು ಸಲೀಸು. ಇನ್ನೊಂದು ತುದಿ ನೆಲದಿಂದ 6 ಮಿ.ಮೀ. ಮೇಲೆ ಕಾಯುತ್ತಿರುತ್ತದೆ, ರೋಬೋಟ್ ಆ ಕಡೆ ವಾಲಿದರೆ ಆಧಾರ ಕೊಡುತ್ತದೆ. ತಿರುಗಲು ಗಿಡ್ಡ ಗಾಡಿ, ಮಗುಚದಿರಲು ಉದ್ದ ಗಾಡಿ.

“ಆರೂ ಚಕ್ರ ಸಮನಾಗಿದ್ದರೆ?” ಎಂದು ಮಕ್ಕಳು ಕೇಳುವುದು ಖಚಿತ. ತೂಕ ಆರಕ್ಕೂ ಸಮನಾಗಿ ಹಂಚಿದರೆ ತಡೆ F × 20 ಮಾತ್ರ. ಆದರೆ ಬಾಗದ ಚೌಕಟ್ಟಿನಲ್ಲಿ, ಏರುತಗ್ಗಿನ ನೆಲದಲ್ಲಿ ಹಾಗೆ ಹಂಚುತ್ತದೆಂಬ ಭರವಸೆಯಿಲ್ಲ. ತೂಕವೆಲ್ಲ ತುದಿಗಳ ಮೇಲೆ ಬಿದ್ದರೆ ಮತ್ತೆ F × 30.

ಗೇರ್ ಅನುಪಾತದ ಆಯ್ಕೆ

ಈ ಸ್ಪರ್ಧೆಯಲ್ಲಿ ವರ್ಷಗಳ ಕಾಲ ಬಳಕೆಯಲ್ಲಿದ್ದ ಸಿಮ್ ಮೋಟಾರ್ ಹೊರೆಯಿಲ್ಲದಾಗ ನಿಮಿಷಕ್ಕೆ 5310 ಸುತ್ತು ತಿರುಗುತ್ತದೆ. ತಡೆದು ನಿಲ್ಲಿಸಿದಾಗ ಸುಮಾರು 2.4 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ, 131 ಆಂಪಿಯರ್ ಎಳೆಯುತ್ತದೆ. ಅಂಥ ನಾಲ್ಕು ಮೋಟಾರ್, 15 ಸೆಂ.ಮೀ. ವ್ಯಾಸದ ಚಕ್ರ, 10:1 ಅನುಪಾತವಿದ್ದರೆ ಲೆಕ್ಕದ ಗರಿಷ್ಠ ವೇಗ ಸೆಕೆಂಡಿಗೆ 4.2 ಮೀಟರ್, ತಳ್ಳುವ ಬಲ 1280 ನ್ಯೂಟನ್. ಆದರೆ 60 ಕಿ.ಗ್ರಾಂ. ರೋಬೋಟಿಗೆ, ಘರ್ಷಣಾ ಗುಣಾಂಕ 1 ಎಂದುಕೊಂಡರೂ, ನೆಲ ಕೊಡುವುದು ಸುಮಾರು 590 ನ್ಯೂಟನ್ ಮಾತ್ರ. ಅದನ್ನು ಮೀರಿದರೆ ಚಕ್ರ ಜಾರುತ್ತದೆ. ಇದು ಒಳ್ಳೆಯದೇ: ಚಕ್ರ ಜಾರುವುದರಿಂದ ಮೋಟಾರ್ ನಿಂತು ಸುಡುವುದು ತಪ್ಪುತ್ತದೆ.

ಜಾರುವ ಹೊತ್ತಿಗೆ ಪ್ರತಿ ಮೋಟಾರ್ ಸುಮಾರು 60 ಆಂಪಿಯರ್ ಎಳೆಯುತ್ತದೆ. ಅದರ ಬ್ರೇಕರ್ 40 ಆಂಪಿಯರಿನದು. ಕ್ಷಣಕಾಲ ತಡೆದೀತು, ಹೆಚ್ಚು ಹೊತ್ತು ತಳ್ಳಿದರೆ ಕಡಿತಗೊಳ್ಳುತ್ತದೆ. 15:1 ಮಾಡಿದರೆ ಪ್ರವಾಹ 40ಕ್ಕೆ ಇಳಿಯುತ್ತದೆ, ವೇಗವೂ 2.8 ಮೀಟರಿಗೆ ಇಳಿಯುತ್ತದೆ. ಯಾವುದು ಬೇಕು? ಉತ್ತರ ಪುಸ್ತಕದಲ್ಲಿಲ್ಲ, ತಂಡ ಓಡಬೇಕೋ ತಳ್ಳಬೇಕೋ ಎಂಬುದರಲ್ಲಿದೆ.

ತರಗತಿಯಲ್ಲಿ

ರೋಬೋಟ್ ಕಿಟ್ ಇಲ್ಲದ ಶಾಲೆಯಲ್ಲೂ ಇದನ್ನು ಎರಡು ಅವಧಿಗಳಲ್ಲಿ ಮಾಡಬಹುದು. ಒಂದು ಹಲಗೆ, ಆರು ಆಟಿಕೆ ಚಕ್ರ, ಎರಡು ಸ್ಪ್ರಿಂಗ್ ತ್ರಾಸು, ಒಂದು ಇಟ್ಟಿಗೆ ಸಾಕು. ಇಟ್ಟಿಗೆಯನ್ನು ನಡುವೆ ಇಡಿ. ಹಲಗೆಯ ಎರಡು ತುದಿಗಳಿಗೆ ತ್ರಾಸು ಕಟ್ಟಿ, ವಿರುದ್ಧ ದಿಕ್ಕಿಗೆ ಅಡ್ಡಲಾಗಿ ಎಳೆದು ನಿಂತಲ್ಲೇ ತಿರುಗಿಸಿ. ಮೊದಲು ತುದಿಯ ನಾಲ್ಕು ಚಕ್ರಗಳಿಂದ, ಆಮೇಲೆ ರಟ್ಟಿನ ತುಂಡು ಕೊಟ್ಟು ತಗ್ಗಿಸಿದ ನಡುವಿನ ಜೋಡಿಯನ್ನೂ ಸೇರಿಸಿ ಅಳೆಯಿರಿ. ಅಳತೆಗೆ ಮೊದಲೇ ಪ್ರತಿ ಗುಂಪೂ ತನ್ನ ಊಹೆಯನ್ನು ಬರೆದಿಡಲಿ. ಲೆಕ್ಕ ಅಳತೆಯ ನಂತರ ಬರಲಿ. ಸೂತ್ರ ಮೊದಲು ಬಂದರೆ ಪ್ರಯೋಗ ಬರಿಯ ತಾಳೆ ನೋಡುವ ಕೆಲಸವಾಗುತ್ತದೆ.

ಮೌಲ್ಯಮಾಪನಕ್ಕೆ ನಾನು ಸೂಚಿಸುವುದು ಒಂದೇ ಪ್ರಶ್ನೆ: “60 ಸೆಂ.ಮೀ. ಬದಲು 90 ಸೆಂ.ಮೀ. ಉದ್ದದ ರೋಬೋಟ್ ಬೇಕಾದರೆ ಏನನ್ನು ಬದಲಿಸುವಿರಿ, ಏಕೆ?” ಆ “ಏಕೆ”ಗೆ ಬರುವ ಉತ್ತರಕ್ಕೇ ಹೆಚ್ಚು ಅಂಕ ಮೀಸಲಿಡಿ.