ಲಾರಿ ಏಕೆ ನಿಲ್ಲುತ್ತಿತ್ತು?

ನಮ್ಮ ಮನೆ ನಡೆಯುವುದು ಒಂದು ಹಳೆಯ ಲಾರಿಯಿಂದ. ಅಬ್ಬಾ ಅದರ ಮಾಲೀಕರು, ಭಾಯಿಜಾನ್ ಚಾಲಕ. ಕಳೆದ ವರ್ಷ ಅದು ದಾರಿಯಲ್ಲಿ ಇದ್ದಕ್ಕಿದ್ದಂತೆ ಬಂದ್ ಬೀಳತೊಡಗಿತು. ಅಂಕೋಲಾದಲ್ಲಿ ಟ್ಯಾಂಕ್ ತುಂಬಿಸಿ, ಲೋಡು ಹೊತ್ತು ಹುಬ್ಬಳ್ಳಿಗೆ ಹೊರಟರೆ ಅರಬೈಲ್ ಘಾಟಿ ಏರುವಾಗ ಎಂಜಿನ್ ನಿಲ್ಲುತ್ತಿತ್ತು. ಹತ್ತು ಹದಿನೈದು ನಿಮಿಷ ಬಿಟ್ಟರೆ ತಾನಾಗಿಯೇ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತಿತ್ತು.

ಘಾಟಿಯಲ್ಲಿ ಎಂಜಿನ್ ನಿಲ್ಲುವುದೆಂದರೆ ಬರೀ ತಡವಾಗುವುದಲ್ಲ. ಪವರ್ ಸ್ಟಿಯರಿಂಗ್ ಕೂಡಲೇ ಭಾರವಾಗುತ್ತದೆ. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ಎಂಜಿನ್ ಜೊತೆಗೇ ನಿಲ್ಲುತ್ತದೆ.

ಒಂದು ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿದರು. ಇನ್ನೊಂದರಲ್ಲಿ ಫೀಡ್ ಪಂಪ್ ಬದಲಿಸಿದರು. ಊರಲ್ಲಿ ಓಡಿಸಿ ನೋಡಿದಾಗ ಸರಿಯಾಗಿತ್ತು, ಘಾಟಿಯಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಅಬ್ಬಾ, “ಗಾಡಿಯಲ್ಲಿ ದೋಷವಿಲ್ಲ, ನಿನ್ನ ಕೈಯಲ್ಲೇ ಇದೆ” ಎಂದು ಭಾಯಿಜಾನ್ ಮೇಲೆ ಸಿಟ್ಟಾದರು. ಇಬ್ಬರೂ ಎರಡು ದಿನ ಮಾತನಾಡಲಿಲ್ಲ.

ಆಮೇಲೆ ಅಬ್ಬಾರ ಪರಿಚಯದ ಒಬ್ಬ ಹಿರಿಯ ಮಿಸ್ತ್ರಿ ಚಾಚಾ ಬಂದರು. ಅವರು ಪಾನಾ ಹಿಡಿಯುವ ಮೊದಲು ನಾಲ್ಕು ಪ್ರಶ್ನೆ ಕೇಳಿದರು.

ಮೊದಲನೆಯದು: ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಲ್ಲುತ್ತದೆಯೋ, ಎಳೆತ ಕಡಿಮೆಯಾಗಿ ಮುಗ್ಗರಿಸಿ ನಿಲ್ಲುತ್ತದೆಯೋ? ಒಮ್ಮೆಲೇ ನಿಂತರೆ ಮೊದಲು ವೈರಿಂಗ್ ನೋಡಬೇಕು. ಮುಗ್ಗರಿಸಿದರೆ ಡೀಸೆಲ್ ಸಾಲುತ್ತಿಲ್ಲ ಎಂಬ ಅನುಮಾನ. ನಮ್ಮದು ಮುಗ್ಗರಿಸುತ್ತಿತ್ತು.

ಎರಡನೆಯದು: ನಿಂತ ಮೇಲೆ ಸ್ಟಾರ್ಟರ್ ತಿರುಗಿಸಿದರೆ ಸೈಲೆನ್ಸರ್‌ನಿಂದ ಹೊಗೆ ಬರುತ್ತದೆಯೇ? ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ. ನಮ್ಮದಕ್ಕೆ ಹೊಗೆ ಇರಲಿಲ್ಲ.

ಮೂರನೆಯದು: ಮತ್ತೆ ಸ್ಟಾರ್ಟ್ ಮಾಡಲು ಪೈಪಿನ ಏರ್ ತೆಗೆಯಬೇಕೇ? ಬೇಡ ಎಂದರು ಭಾಯಿಜಾನ್. ಪೈಪಿನ ಜೋಡಣೆ ಸಡಿಲವಾಗಿ ಗಾಳಿ ಸೇರಿದ್ದರೆ ಅಷ್ಟು ಸುಲಭವಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ.

ನಾಲ್ಕನೆಯದು: ಈ ತೊಂದರೆ ಶುರುವಾಗುವ ಮೊದಲು ಗಾಡಿಯಲ್ಲಿ ಏನು ಬದಲಾಯಿತು?

ಆಗ ನನ್ನ ಎದೆ ಧಸಕ್ಕೆಂದಿತು. ಡೀಸೆಲ್ ಕಳ್ಳತನವಾಗಬಾರದೆಂದು ಟ್ಯಾಂಕಿಗೆ ಬೀಗದ ಮುಚ್ಚಳ ತಂದು ಹಾಕಿದವನು ನಾನೇ. ಚಾಚಾ ಹಳೆಯ ಮುಚ್ಚಳ ತರಿಸಿ ತೋರಿಸಿದರು. ಅದರಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿತ್ತು. ಹೊಸದರಲ್ಲಿ ಇರಲಿಲ್ಲ. ನಮ್ಮ ಟ್ಯಾಂಕಿಗೆ ಗಾಳಿ ಹೋಗಲು ಬೇರೆ ದಾರಿಯೂ ಇರಲಿಲ್ಲ.

“ಮುಂದಿನ ಸಲ ನಿಂತರೆ ಏನೂ ಬಿಚ್ಚಬೇಡ, ಮುಚ್ಚಳ ಮಾತ್ರ ತೆಗೆ” ಎಂದರು. ಭಾಯಿಜಾನ್ ಹಾಗೆಯೇ ಮಾಡಿದಾಗ ‘ಉಸ್ಸ್’ ಎಂದು ಗಾಳಿ ಒಳಗೆ ನುಗ್ಗಿತಂತೆ. ಕಾಯುವ ಅಗತ್ಯವೇ ಇಲ್ಲದೆ ಎಂಜಿನ್ ಸ್ಟಾರ್ಟ್ ಆಯಿತು.

ಇದು ನಮ್ಮ ಭೌತಶಾಸ್ತ್ರದ ಪಾಠವೇ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1,01,300 ಪಾಸ್ಕಲ್. ಪಂಪ್ ಡೀಸೆಲ್ ಎಳೆಯುವಾಗ ಈ ಒತ್ತಡವೇ ಟ್ಯಾಂಕಿನ ಒಳಗಿನಿಂದ ಅದನ್ನು ತಳ್ಳುತ್ತದೆ. ಡೀಸೆಲ್ ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ಬಾರದಿದ್ದರೆ ಒಳಗಿನ ಒತ್ತಡ ಇಳಿಯುತ್ತಾ ಹೋಗುತ್ತದೆ. ಟ್ಯಾಂಕ್ ತುಂಬಿದ್ದಾಗ ಮೇಲಿನ ಗಾಳಿಯ ಜಾಗ ಚಿಕ್ಕದು, ಆದ್ದರಿಂದ ಒತ್ತಡ ಬೇಗ ಇಳಿಯುತ್ತದೆ. ಏರಿನಲ್ಲಿ ಎಂಜಿನ್ನಿಗೆ ಹೆಚ್ಚು ಡೀಸೆಲ್ ಬೇಕು, ಆದರೆ ಪಂಪಿಗೆ ಎಳೆಯಲಾಗುವುದಿಲ್ಲ. ಲಾರಿ ನಿಂತಾಗ ಸಂದುಗಳಿಂದ ನಿಧಾನವಾಗಿ ಗಾಳಿ ಸೇರಿ ಮತ್ತೆ ಸ್ವಲ್ಪ ದೂರ ಓಡುತ್ತದೆ. ಗ್ಯಾರೇಜಿನವರು ಲೋಡು ಇಲ್ಲದೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸಿ ನೋಡುತ್ತಿದ್ದುದರಿಂದ ದೋಷ ಕಾಣಿಸಲೇ ಇಲ್ಲ.

ಹಳೆಯ ಮುಚ್ಚಳವನ್ನೇ ಮತ್ತೆ ಹಾಕಿದೆವು. ಬೇರೇನನ್ನೂ ಮುಟ್ಟಲಿಲ್ಲ. ಲಾರಿ ಅದೇ ಲೋಡಿನೊಂದಿಗೆ ಅರಬೈಲ್ ಏರಿತು. ಅಂದು ರಾತ್ರಿ ಅಬ್ಬಾ ಭಾಯಿಜಾನ್ ತಟ್ಟೆಗೆ ತಾವೇ ಊಟ ಬಡಿಸಿದರು. ಮುಚ್ಚಳದ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತಿ ಇಬ್ಬರ ಕ್ಷಮೆ ಕೇಳಿದೆ.

ಪ್ರಯೋಗಾಲಯದಲ್ಲಿ ಉತ್ತರ ತಪ್ಪಿದಾಗ ಈಗ ನಾನು ಉಪಕರಣವನ್ನೂ ಜೊತೆಗಾರನನ್ನೂ ದೂರುವ ಮೊದಲು ಚಾಚಾರ ನಾಲ್ಕನೇ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುತ್ತೇನೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ