ಹಾಸು–ಹೊಕ್ಕಿನ ಹೊಸ ಕಸುಬು

ಕೊಯಮತ್ತೂರಿನಿಂದ ಮೇಟ್ಟುಪಾಳಯದ ಕಡೆಗೆ ಹೊರಟರೆ, ನೀಲಗಿರಿಯ ತಪ್ಪಲನ್ನು ಮುಟ್ಟುವ ಮೊದಲು ಸಿಗುವ ಊರು ಕಾರಮಡೈ. ರಂಗನಾಥಸ್ವಾಮಿಯ ದೇವಾಲಯದಿಂದ ಪ್ರಸಿದ್ಧವಾದ ಈ ಸೀಮೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ಮತ್ತು ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲಸಿವೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಸೇರಿತು. ಕಾರಮಡೈ ಮದರಾಸಿನಲ್ಲೇ ಉಳಿಯಿತು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಆದುದರಿಂದ ಆ ಊರಿನ ಕನ್ನಡಿಗರ ಸುಖದುಃಖ ನಮಗೆ ತೀರಾ ಪರಕೀಯವಲ್ಲ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಉದ್ಯೋಗಕ್ಕೆ ಮೂರನೆಯದು ಎಂಬ ಸ್ಥಿತಿ ಅವರದೂ ಹೌದು, ನಮ್ಮದೂ ಹೌದು.

ದೇವಾಂಗರ ಕುಲಕಸುಬು ನೇಯ್ಗೆ. ಕಾರಮಡೈಗೆ ಹತ್ತಿರದ ಸಿರುಮುಗೈಯ ರೇಷ್ಮೆ ಸೀರೆಗಳಿಗೆ ಇಂದಿಗೂ ಹೆಸರಿದೆ. ಆದರೆ ಮಗ್ಗದ ಮುಂದೆ ಕುಳಿತ ತಂದೆ, ತನ್ನ ಮಗನೂ ಅಲ್ಲೇ ಕೂರಲಿ ಎಂದು ಬಯಸುವ ಕಾಲ ಹೋಯಿತು. ಭವಾನಿ ನದಿಯ ದಡದಲ್ಲಿ ಸಾವಿರಾರು ಮಂದಿಗೆ ಅನ್ನ ಕೊಟ್ಟ ಸಿರುಮುಗೈಯ ವಿಸ್ಕೋಸ್ ಕಾರ್ಖಾನೆಯೂ ಮುಚ್ಚಿ ಎರಡು ದಶಕಗಳು ಕಳೆದಿವೆ. ಹತ್ತನೆಯ ತರಗತಿಯಲ್ಲಿ ಸಾಧಾರಣ ಅಂಕ ಪಡೆದ ನೇಕಾರರ ಮಗ ಇನ್ನು ಯಾವ ದಾರಿ ಹಿಡಿಯಬೇಕು? ಈ ಪ್ರಶ್ನೆಗೆ ಇರುವ ಉತ್ತರಗಳಲ್ಲಿ ಒಂದನ್ನು ಇಲ್ಲಿ ಪರಿಶೀಲಿಸೋಣ. ಅದು ಕಾಂಪೊಸಿಟ್ ವಸ್ತುಗಳ ತಂತ್ರಜ್ಞನ ಕೆಲಸ.

ಹೆಸರು ಹೊಸದಾದರೂ ತತ್ತ್ವ ಹಳೆಯದು. ಮಣ್ಣಿನ ಗೋಡೆ ಬಿರುಕು ಬಿಡದಿರಲೆಂದು ನಮ್ಮ ಹಿರಿಯರು ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದರು. ಹುಲ್ಲು ಎಳೆತವನ್ನು ತಡೆಯುತ್ತದೆ, ಮಣ್ಣು ಅದನ್ನು ಹಿಡಿದಿಡುತ್ತದೆ. ಇಂದು ಹುಲ್ಲಿನ ಬದಲು ಗಾಜಿನ ಅಥವಾ ಇಂಗಾಲದ ನಾರು, ಮಣ್ಣಿನ ಬದಲು ರೆಸಿನ್ ಎಂಬ ಅಂಟುದ್ರವ, ಇಷ್ಟೇ ವ್ಯತ್ಯಾಸ. ಇಂಗಾಲದ ಒಂದು ಎಳೆಯ ದಪ್ಪ ಸುಮಾರು 7 ಮೈಕ್ರಾನ್, ಅಂದರೆ ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು. ಈ ನಾರು ಮತ್ತು ಎಪಾಕ್ಸಿ ರೆಸಿನ್ ಸೇರಿ ಗಟ್ಟಿಯಾದ ವಸ್ತುವಿನ ಸಾಂದ್ರತೆ ನೀರಿನ ಸುಮಾರು 1.6 ಪಟ್ಟು, ಅಲ್ಯೂಮಿನಿಯಂನದು 2.7, ಉಕ್ಕಿನದು 7.8. ಹಗುರವಾಗಿಯೂ ಬಲವಾಗಿಯೂ ಇರಬೇಕಾದ ಕಡೆಯಲ್ಲೆಲ್ಲ ಇದಕ್ಕೆ ಬೇಡಿಕೆ ಬಂದುದು ಈ ಕಾರಣದಿಂದ.

ನಮ್ಮ ಕಡಲ ಕರೆಯಲ್ಲಿ ಮರದ ದೋಣಿಯ ಜಾಗಕ್ಕೆ ಬಂದಿರುವ ಫೈಬರ್ ದೋಣಿಯೇ ಇದಕ್ಕೆ ಕಣ್ಣೆದುರಿನ ಉದಾಹರಣೆ. ತಿರುಪ್ಪೂರು ಜಿಲ್ಲೆಯ ಉಡುಮಲೈ, ಪಲ್ಲಡಂ ಕಡೆಗಳಲ್ಲಿ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳೂ ಬಹುತೇಕ ಗಾಜಿನ ನಾರಿನವೇ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಕಾಯದ ತೂಕದಲ್ಲಿ ಶೇಕಡಾ 45ರಷ್ಟು ಕಾಂಪೊಸಿಟ್. 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ಈ ವಿಮಾನದ ಮೊದಲ ಸ್ಕ್ವಾಡ್ರನ್ 2016ರಲ್ಲಿ ರೂಪುಗೊಂಡು 2018ರಲ್ಲಿ ಕೊಯಮತ್ತೂರಿನ ಬಳಿಯ ಸೂಲೂರಿಗೆ ಬಂತು. ಎರಡನೆಯದು 2020ರಲ್ಲಿ ಸೂಲೂರಿನಲ್ಲೇ ಸೇವೆಗೆ ಸಿದ್ಧವಾಯಿತು. ನೂಲುವ ಯಂತ್ರಗಳನ್ನು ಮಾಡಲೆಂದು 1962ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಲಕ್ಷ್ಮಿ ಮೆಷಿನ್ ವರ್ಕ್ಸ್ ಸಂಸ್ಥೆ ಇಂದು ವಿಮಾನ ಮತ್ತು ಬಾಹ್ಯಾಕಾಶದ ಬಿಡಿಭಾಗಗಳನ್ನೂ, ಅವುಗಳಲ್ಲಿ ಕಾಂಪೊಸಿಟ್ ಭಾಗಗಳನ್ನೂ ತಯಾರಿಸುತ್ತಿದೆ. ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಕೊಯಮತ್ತೂರೂ ಒಂದು. ಅಂದಮೇಲೆ ಕಾರಮಡೈಯ ಹುಡುಗನಿಗೆ ಈ ಕೆಲಸ ದೂರದ ಬೆಟ್ಟವಲ್ಲ.

ಈ ತಂತ್ರಜ್ಞ ದಿನವಿಡೀ ಏನು ಮಾಡುತ್ತಾನೆ? ಮೊದಲು ಅಚ್ಚನ್ನು ಒರಸಿ, ವಸ್ತು ಅಂಟಿಕೊಳ್ಳದಂತೆ ಅದಕ್ಕೆ ಮೇಣ ಸವರುತ್ತಾನೆ. ನಕ್ಷೆಯಲ್ಲಿ ಹೇಳಿದ ಅಳತೆಗೆ ನಾರಿನ ಬಟ್ಟೆ ಕತ್ತರಿಸಿ, ಪದರದ ಮೇಲೆ ಪದರ ಹಾಸುತ್ತಾನೆ. ಒಂದು ಪದರದ ಎಳೆ ನೇರ, ಮುಂದಿನದು ಅಡ್ಡ, ಮತ್ತೊಂದು 45 ಡಿಗ್ರಿ ಓರೆ. ಬಲ ಯಾವ ದಿಕ್ಕಿನಿಂದ ಬೀಳುತ್ತದೋ ಆ ದಿಕ್ಕಿಗೆ ಎಳೆ ಇರಬೇಕು. ವಿಮಾನದ ಕೆಲಸದಲ್ಲಿ ಬಳಸುವುದು ರೆಸಿನ್ ಮೊದಲೇ ಊಡಿಸಿದ ಬಟ್ಟೆ. ಅದನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಕಾಪಾಡಿ, ಹೊರಗೆ ತೆಗೆದ ಪ್ರತಿ ಗಂಟೆಯನ್ನೂ ಪುಸ್ತಕದಲ್ಲಿ ಬರೆಯಬೇಕು. ಹಾಸುವ ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆಯುತ್ತಾರೆ. ಬಳಿಕ ಆಟೋಕ್ಲೇವ್ ಎಂಬ, ಅಡುಗೆಮನೆಯ ಕುಕ್ಕರಿನ ದೈತ್ಯರೂಪದಂತಹ ಪಾತ್ರೆಯಲ್ಲಿಟ್ಟು 120ರಿಂದ 180 ಡಿಗ್ರಿ ಶಾಖದಲ್ಲಿ, ವಾತಾವರಣದ ಹಲವು ಪಟ್ಟು ಒತ್ತಡದಲ್ಲಿ ಬೇಯಿಸುತ್ತಾರೆ. ಕೊನೆಗೆ ಅಂಚು ಕತ್ತರಿಸಿ, ಶ್ರವಣಾತೀತ ಧ್ವನಿಯಿಂದ ಒಳಭಾಗವನ್ನು ಪರೀಕ್ಷಿಸುತ್ತಾರೆ. ನಾಣ್ಯದಿಂದ ಮೆಲ್ಲನೆ ತಟ್ಟಿ ಟೊಳ್ಳು ಕಂಡುಹಿಡಿಯುವ ಸರಳ ಉಪಾಯವೂ ಇನ್ನೂ ರೂಢಿಯಲ್ಲಿದೆ.

ಇಲ್ಲಿ ನೇಕಾರರ ಮನೆಯ ಮಗುವಿಗೆ ಒಂದು ಹೆಚ್ಚುಗಾರಿಕೆ ಇದೆ ಎಂದು ನನ್ನ ಅಭಿಪ್ರಾಯ. ಹಾಸು ಯಾವುದು, ಹೊಕ್ಕು ಯಾವುದು ಎಂದು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಬಟ್ಟೆಯನ್ನು ಓರೆಯಾಗಿ ಎಳೆದರೆ ಹಿಗ್ಗುತ್ತದೆ, ನೇರ ಎಳೆದರೆ ಹಿಗ್ಗುವುದಿಲ್ಲ ಎಂಬುದು ಅದರ ಬೆರಳಿಗೆ ಗೊತ್ತು. ಹಾಸಿನ ನೂಲಿಗೆ ಗಂಜಿ ಹಾಕುವಂತೆ ಗಾಜಿನ ನಾರಿಗೂ ಒಂದು ಲೇಪ ಕೊಡುತ್ತಾರೆ. ಒಂದು ಎಳೆ ತಪ್ಪಿದರೆ ಸೀರೆ ಕೆಡುತ್ತದೆ ಎಂಬ ಎಚ್ಚರ ಈ ಕೆಲಸಕ್ಕೂ ಬೇಕು; ಆದರೆ ಇಲ್ಲಿ ಕೆಡುವುದು ಸೀರೆಯಲ್ಲ, ಮನುಷ್ಯರನ್ನು ಹೊತ್ತ ವಿಮಾನದ ಭಾಗ. ಮಗ್ಗದ ಮುಂದೆ ತಲೆಮಾರುಗಳು ಕಲಿತ ತಾಳ್ಮೆಯನ್ನು ಹಳೆಯ ಕಾಲದ ಸರಕೆಂದು ಎಸೆಯಬೇಕಾಗಿಲ್ಲ. ಹೆಣ್ಣುಮಕ್ಕಳೂ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ಇದರಲ್ಲಿ ತೋಳಿನ ಶಕ್ತಿಗಿಂತ ಕೈಯ ನಯ ದೊಡ್ಡದು.

ಅಪಾಯಗಳನ್ನೂ ಮುಚ್ಚಿಡಬಾರದು. ಗಾಜಿನ ನಾರಿನ ಧೂಳು ಮೈಯನ್ನು ತುರಿಸುತ್ತದೆ, ಕಣ್ಣು–ಗಂಟಲುಗಳನ್ನು ಕೆರಳಿಸುತ್ತದೆ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಕೆಲವರಿಗೆ ಶಾಶ್ವತ ಅಲರ್ಜಿ ಬಂದು ಕೆಲಸವನ್ನೇ ಬಿಡಬೇಕಾಗುತ್ತದೆ. ದೋಣಿಯ ಕೆಲಸದಲ್ಲಿ ಬಳಸುವ ಪಾಲಿಯೆಸ್ಟರ್ ರೆಸಿನ್ನಿಗೆ ಕೋಬಾಲ್ಟ್ ದ್ರಾವಣವನ್ನೂ ಪೆರಾಕ್ಸೈಡನ್ನೂ ಒಂದಾದ ಮೇಲೊಂದು ಪ್ರತ್ಯೇಕವಾಗಿ ಬೆರೆಸಬೇಕು. ಅವೆರಡನ್ನೂ ನೇರವಾಗಿ ಕೂಡಿಸಿದರೆ ಸ್ಫೋಟವಾಗಬಹುದು. ಆದುದರಿಂದ ಕೈಗವಸು, ಮೂಗಿನ ಮುಖವಾಡ, ಗಾಳಿಯಾಡುವ ಕೋಣೆ ಇವಿಲ್ಲದ ಕಡೆ ಕೆಲಸ ಕಲಿಯಲು ಮಕ್ಕಳನ್ನು ಕಳುಹಿಸಬಾರದು.

ಇನ್ನು ಕಲಿಯುವ ದಾರಿ. ಮೊದಲನೆಯದು ಐ.ಟಿ.ಐ. ಅಲ್ಲಿ ಫಿಟ್ಟರ್ ಶಿಕ್ಷಣ 2 ವರ್ಷದ್ದು, ಪ್ಲಾಸ್ಟಿಕ್ ಪ್ರೊಸೆಸಿಂಗ್ ಆಪರೇಟರ್ 1 ವರ್ಷದ್ದು. ಎರಡನೆಯದು ಕೇಂದ್ರ ಸರಕಾರದ ಸಿಪೆಟ್ ಸಂಸ್ಥೆ. 1968ರಲ್ಲಿ ಮದರಾಸಿನಲ್ಲಿ ಆರಂಭವಾದ ಇದಕ್ಕೆ ಮೈಸೂರಿನಲ್ಲೂ ಕೊಚ್ಚಿಯಲ್ಲೂ ಕೇಂದ್ರಗಳಿವೆ; ಹತ್ತನೆಯ ತರಗತಿಯ ನಂತರ 3 ವರ್ಷಗಳ ಡಿಪ್ಲೊಮಾ ಲಭ್ಯ. ಇವುಗಳ ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಸಹಿತ ತರಬೇತಿ ಪಡೆಯಬಹುದು. ಬೆಂಗಳೂರಿನ ಎಚ್.ಎ.ಎಲ್. ಐ.ಟಿ.ಐ. ಮುಗಿಸಿದವರನ್ನು ಅಪ್ರೆಂಟಿಸರಾಗಿ ತೆಗೆದುಕೊಳ್ಳುತ್ತದೆ. ನಮ್ಮ ರಾಜ್ಯದ ತಿರುವನಂತಪುರದಲ್ಲಿ, ವಟ್ಟಿಯೂರ್ಕಾವಿನಲ್ಲಿ, ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಕಾಂಪೊಸಿಟ್ ವಿಭಾಗವೇ ಇದೆ, ಎಸ್.ಎಸ್.ಎಲ್.ಸಿ. ಮತ್ತು ಐ.ಟಿ.ಐ. ಆದವರಿಗೆ ಬಾಹ್ಯಾಕಾಶ ಇಲಾಖೆಯಲ್ಲಿ ತಂತ್ರಜ್ಞರ ಹುದ್ದೆಗಳಿವೆ.

ಆದರೆ ಎರಡು ತಿಂಗಳಲ್ಲಿ ವಿಮಾನದ ಕೆಲಸ ಕೊಡಿಸುತ್ತೇವೆಂದು ದೊಡ್ಡ ಮೊತ್ತ ಕೇಳುವವರ ಮಾತಿಗೆ ಮರುಳಾಗಬಾರದು. ಹಣ ಕಟ್ಟುವ ಮುನ್ನ ಹೆತ್ತವರು ಮೂರು ಪ್ರಶ್ನೆ ಕೇಳಲಿ: ಪ್ರಮಾಣಪತ್ರ ಕೊಡುವವರು ಯಾರು? ಮಗು ಸ್ವಂತ ಕೈಯಿಂದ ಎಷ್ಟು ಗಂಟೆ ಕೆಲಸ ಮಾಡುತ್ತದೆ? ಹಿಂದೆ ಕಲಿತವರು ಈಗ ಎಲ್ಲಿದ್ದಾರೆ? ನೇರ ಉತ್ತರ ಬಾರದಿದ್ದರೆ ಹಿಂದಿರುಗುವುದೇ ಲೇಸು.

ಭಾಷೆಯ ಅಂಜಿಕೆಯೂ ಬೇಡ. ಕೆಲಸದ ಆಜ್ಞಾಪತ್ರಗಳು ಇಂಗ್ಲಿಷಿನಲ್ಲಿರುತ್ತವೆ, ನಿಜ. ಆದರೆ ಅವುಗಳನ್ನು ಓದಲು ಬೇಕಾಗುವುದು ಕೆಲವು ನೂರು ಪದಗಳು, ಕೋನದ ಅಳತೆ, ಶೇಕಡಾವಾರು ಲೆಕ್ಕ. ನೂರು ಭಾಗ ರೆಸಿನ್ನಿಗೆ ಇಷ್ಟು ಭಾಗ ಹಾರ್ಡನರ್ ಎಂಬ ಅನುಪಾತವನ್ನು ನಮ್ಮ ಕನ್ನಡ ಶಾಲೆಗಳ ಎಂಟನೆಯ ತರಗತಿಯ ಮಗು ಮಾಡಬಲ್ಲುದು. ಕನ್ನಡದಲ್ಲಿ ಸರಿಯಾಗಿ ತಿಳಿದ ಲೆಕ್ಕ ಯಾವ ಭಾಷೆಯ ಕಾರ್ಖಾನೆಯಲ್ಲೂ ತಪ್ಪುವುದಿಲ್ಲ. ಕಾರಮಡೈಯ ನೇಕಾರರಿಗೂ ಮಂಜೇಶ್ವರದ ಮೀನುಗಾರರಿಗೂ ಹೇಳುವ ಮಾತೊಂದೇ: ಈ ಪರೀಕ್ಷೆಯ ಫಲಿತಾಂಶ ಬಂದಾಗ ಮಗುವಿನ ಅಂಕಗಳನ್ನು ಮಾತ್ರ ನೋಡಬೇಡಿ, ಅದರ ಕೈಗಳನ್ನೂ ನೋಡಿ.